ವಿಕೆಟ್ ಹಿಂದೆ ನಿಂತವನು

ನನಗೆ ಕುವೈತಿನಲ್ಲಿ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ವಿಕೆಟ್ ಕೀಪಿಂಗ್‌ನಿಂದ. ಕಂಪನಿಯ ಕ್ರಿಕೆಟ್ ಟೀಮಿಗೆ ಕೀಪರ್ ಬೇಕಿತ್ತು. ಉಡುಪಿಯಲ್ಲಿ ನನ್ನ ಆಟ ನೋಡಿದ್ದವರೊಬ್ಬರು ಕರೆಸಿಕೊಂಡರು. ಹೆಸರಿಗೆ ಸ್ಟೋರ್ ಕ್ಲರ್ಕ್. ಶುಕ್ರವಾರ ಬಂದರೆ ಅಬು ಹಲೀಫಾದ ಆಚೆ ಮರಳು ಬಯಲಿನಲ್ಲಿ ಮ್ಯಾಟ್ ಹಾಸಿ ಆಟ. ನಮ್ಮ ವೇಗದ ಬೌಲರ್ ಮೈಸೂರಿನ ಎಂಜಿನಿಯರ್. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ಸಾಲ್ಮಿಯಾದಲ್ಲಿದ್ದರು.

"ಹಿಂದೆ ನೀವಿದ್ರೆ ನಾನು ಕಣ್ಣು ಮುಚ್ಚಿ ಎಸೀತೀನಿ ಕಣ್ರೀ" ಅನ್ನುತ್ತಿದ್ದರು.

ತೊಂಬತ್ತರ ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಕೆಲವು ವಾರ ಬಾಗಿಲು ಹಾಕಿಕೊಂಡು ಕೂತೆವು. ಆಮೇಲೆ ಆ ಕುಟುಂಬದ ಜೊತೆ ಬಸ್ಸು ಹತ್ತಿ, ಬಾಗ್ದಾದ್ ದಾಟಿ, ಜೋರ್ಡಾನ್ ಗಡಿಯ ಡೇರೆಗಳಿಗೆ ಬಂದು ಬಿದ್ದೆ.

ಅಲ್ಲಿ ಲಾರಿಯ ಮೇಲಿನಿಂದ ಜನರತ್ತ ಬ್ರೆಡ್ ಪೊಟ್ಟಣ ಎಸೆಯುತ್ತಿದ್ದರು. ನಾನು ಹಾರಿ ಹಿಡಿಯುತ್ತಿದ್ದೆ. ಒಂದೂ ತಪ್ಪುತ್ತಿರಲಿಲ್ಲ. ಎರಡನೆಯ ದಿನ, ಒಬ್ಬ ಮುದುಕನ ಚಾಚಿದ ಕೈಗೆ ಬೀಳಬೇಕಿದ್ದ ಪೊಟ್ಟಣವನ್ನು ಅವನ ತಲೆಯ ಮೇಲಿಂದಲೇ ಕಿತ್ತುಕೊಂಡೆ. ಅವನು ನನ್ನನ್ನು ನೋಡಿದ, ಅಷ್ಟೇ. ನಾನು ಕೊಡಲಿಲ್ಲ. ಬೌಲರ್‌ನ ಮಗಳು ಅದನ್ನು ತಿಂದಳು.

ಮರುದಿನ ತುಂಬಿದ ನೀರಿನ ಕ್ಯಾನ್ ಎಸೆದರು. ಅಭ್ಯಾಸಬಲ, ಕೈ ಮೇಲೆ ಹೋಯಿತು. ಬಲಗೈಯ ಎರಡು ಬೆರಳು ಮುರಿದವು. ಬೌಲರ್‌ನ ಹೆಂಡತಿ ಸೀರೆಯ ಅಂಚು ಹರಿದು ಕಟ್ಟಿದರು.

"ಇವತ್ತಿಂದ ನಾನು ಹೋಗ್ತೀನಿ" ಎಂದು ಹೋದ ಬೌಲರ್ ಅಂಗಿ ಹರಿಸಿಕೊಂಡು ಬರಿಗೈಯಲ್ಲಿ ವಾಪಸಾದರು.

"ಅಂಕಲ್, ನೋ ಬ್ರೆಡ್?" ಎಂದು ಮಗು ನನ್ನನ್ನೇ ಕೇಳಿತು.

ಕೊನೆಗೆ ವಿಮಾನ ಸಿಕ್ಕಿ ಊರು ಸೇರಿದಾಗ ತಡವಾಗಿತ್ತು. ಮೂಳೆ ಸೊಟ್ಟಗೆ ಕೂಡಿಕೊಂಡಿದೆ, ಇನ್ನು ನೆಟ್ಟಗಾಗುವುದಿಲ್ಲ ಎಂದರು ಡಾಕ್ಟರು.

ಬೇರೆ ದಾರಿಯಿಲ್ಲದೆ ಮರುವರ್ಷ ಕುವೈತಿಗೇ ಹೋದೆ. ಇರಾಕಿನ ಸೈನ್ಯ ಸೋತು ಹೋಗುವಾಗ ಬೆಂಕಿಯಿಟ್ಟಿದ್ದ ಎಣ್ಣೆಬಾವಿಗಳ ಹೊಗೆಯಿಂದ ಹಗಲೂ ಮಬ್ಬು. ಮ್ಯಾನೇಜರ್ ನನ್ನ ಕೈ ನೋಡಿ, "ಟೀಮ್ ಖಲಾಸ್, ಭಾಯಿ. ಅರ್ಧ ಜನ ಬಂದೇ ಇಲ್ಲ" ಎಂದರು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಕೊಟ್ಟರು. ನಮ್ಮ ಬಯಲಿನಲ್ಲಿ ನೆಲಬಾಂಬುಗಳಿವೆಯೆಂದು ಸುತ್ತ ತಂತಿ ಎಳೆದಿದ್ದರು. ಶುಕ್ರವಾರಗಳಂದು ಕೋಣೆಯಲ್ಲಿ ಗೋಡೆ ನೋಡುತ್ತಾ ಮಲಗಿರುತ್ತಿದ್ದೆ.

ಮೈಸೂರಿನಿಂದ ಬೌಲರ್ ಕಾಗದ ಬರೆದರು: ಮಗಳು ಶಾಲೆಗೆ ಹೋಗುತ್ತಿದ್ದಾಳೆ, ತಾನಿನ್ನು ಅತ್ತ ಬರುವುದಿಲ್ಲ, ನಿಮ್ಮ ಉಪಕಾರ ಮರೆಯುವುದಿಲ್ಲ. ಓದಿದೊಡನೆ ಗಡಿಯಲ್ಲಿ ಕಂಡ ಮುದುಕನ ಚಾಚಿದ ಕೈ ನೆನಪಾಯಿತು. ಉತ್ತರ ಬರೆಯಲಿಲ್ಲ.

ಮುಂದೆ ಯಾರೋ ಹೊಸ ಟೀಮ್ ಕಟ್ಟಿದರು. ಸ್ಕೋರ್ ಬರೆಯಲಾದರೂ ಬಾ ಎಂದು ಎರಡು ಸಲ ಹೇಳಿ ಕಳಿಸಿದರು. ನಾನು ಹೋಗಲಿಲ್ಲ.