ಲಿನ್‌ಫರ್ಡನ ಮೂರನೆಯ ಚರಣ

ಸಾವಿರದೊಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಕಿಂಗ್‌ಸ್ಟನ್ನಿನ ನಮ್ಮ ಕೇರಿಯ ಲಿನ್‌ಫರ್ಡನದು ತುಪ್ಪ ಸವರಿದಂಥ ಗಂಟಲು. ಮೊದಮೊದಲು ಪಾಪದ ಊರು ಬ್ಯಾಬಿಲೋನಿನ ಪತನ, ದೇವರ ನಾಡು ಜಿಯಾನಿನ ದಾರಿ ಎಂದು ಕಣ್ಣುಮುಚ್ಚಿ ನಮ್ಮ ರೆಗೆ ಧಾಟಿಯಲ್ಲಿ ಭಕ್ತಿಯ ಹಾಡು ಹಾಡುತ್ತಿದ್ದ. ಕಾಲ ಬದಲಾಯಿತು, ಹುಡುಗರಿಗೆ ಕುಣಿತ ಬೇಕಾಯಿತು. ಇವನೂ ಜಿಯಾನಿನಿಂದ ಹೆಂಗಸರ ಸೊಂಟಕ್ಕೆ ಇಳಿದ. ರಾಗ ಮಾತ್ರ ಅದೇ. ಅವನ ಪ್ರೇಮಗೀತೆಗೂ ನಮ್ಮ ಮುದುಕಿಯರು 'ಆಮೆನ್' ಎನ್ನುತ್ತಿದ್ದರು.

ಕೈಯಲ್ಲಿ ಮೈಕ್ ಇಲ್ಲದಿದ್ದರೆ ಅವನು ಮೂಗ. ಮೀನು ಹುರಿದು ಮಾರುವ ಐಸಿಲ್ಡಾಳ ಮುಂದೆ ವರ್ಷಗಟ್ಟಲೆ ನಿಂತರೂ 'ಇನ್ನೊಂದು ಮೀನು' ಎಂಬುದರಾಚೆ ಬಾಯಿ ಬಿಡಲಿಲ್ಲ. ಹೊಟ್ಟೆ ಮಾತ್ರ ಬಂತು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಷ್ಟರಲ್ಲಿ ಬಸ್ ಡ್ರೈವರ್ ಕ್ಲಿಫ್ಟನ್ ಅವಳ ಬಳಿ ಮದುವೆಯ ಮಾತೆತ್ತಿದ. ಸೋಮವಾರ ಹೇಳುತ್ತೇನೆ ಎಂದಳು.

ಲಿನ್‌ಫರ್ಡ್ ಗಾಬರಿಬಿದ್ದು ಒಂದು ಹಾಡು ಕಟ್ಟಿದ. ಅವಳ ಹೆಸರು, ಮದುವೆ ಕೇಳುವುದು, ಎಲ್ಲವೂ ಮೂರನೆಯ ಚರಣದಲ್ಲಿ.

"ಮೊದಲ್ನೇದ್ರಲ್ಲೇ ಕೇಳೋ, ಮುಠ್ಠಾಳ!" ಎಂದೆ.

"ಅಕ್ಕಾ, ಧೈರ್ಯ ಬರೋಕೆ ಎರಡು ಚರಣನಾದ್ರೂ ಬೇಡ್ವಾ?"

ಭಾನುವಾರ ಮಧ್ಯಾಹ್ನ ಬಯಲಿನಲ್ಲಿ ಆಳೆತ್ತರದ ಸ್ಪೀಕರುಗಳು ನಿಂತವು. ರೆಕಾರ್ಡ್ ನುಡಿಸುವ ಹುಡುಗ ಟ್ಯಾಟಿ ಬರೀ ವಾದ್ಯದ ರೆಕಾರ್ಡ್ ಹಾಕಿದ, ಅದರ ಮೇಲೆ ಇವನು ದನಿ ತೆಗೆದ. ಎರಡು ಸಾಲಿಗೇ ಜನ ಮರುಳಾಗಿ ತಗಡಿನ ಬೇಲಿ ಬಡಿದರು. ಬೇಲಿ ಬಡಿದರೆಂದರೆ ಮುಗಿಯಿತು, ರೆಕಾರ್ಡಿನ ಮುಳ್ಳೆತ್ತಿ ಹಾಡನ್ನು ಮೊದಲಿನಿಂದ ಶುರುಮಾಡಲೇಬೇಕು. ನಮ್ಮ ಜನರ ಮೆಚ್ಚುಗೆಯೇ ಹಾಗೆ. ಟ್ಯಾಟಿ ಶುರುಮಾಡಿದ. ಮತ್ತೆ ಬಡಿದರು. ಮತ್ತೆ ಶುರುಮಾಡಿದ. ಎರಡನೆಯ ಚರಣದ ಮುಖವನ್ನೇ ಯಾರೂ ಕಾಣಲಿಲ್ಲ. ಅತ್ತ ಬಯಲಂಚಿನಲ್ಲಿ ಮೀನು ಮಾರುತ್ತಿದ್ದ ಐಸಿಲ್ಡಾ ಮನೆಗೆ ಹೊರಡಲು ಬುಟ್ಟಿ ಕಟ್ಟತೊಡಗಿದಳು.

"ಟ್ಯಾಟಿ, ಮುಂದಕ್ಕೆ ಬಿಡೋ, ನಿನ್ನ ಕಾಲಿಗೆ ಬೀಳ್ತೀನಿ!" ಎಂದ ಲಿನ್‌ಫರ್ಡ್.

"ಜನ ಬೇಲಿ ಬಡೀತಾವ್ರೆ ಕಣಣ್ಣ. ಬಿಟ್ರೆ ನನ್ನನ್ನೇ ಬಡೀತಾರೆ!"

ಆಗ ಲಿನ್‌ಫರ್ಡ್ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದ. ಬೇಕೆಂದೇ ಕೆಟ್ಟದಾಗಿ ಹಾಡಿದ. ಕತ್ತೆಗೂ ನಾಚಿಕೆಯಾಗುವಂತೆ ಅರಚಿದ. ಬೇಲಿ ತಣ್ಣಗಾಯಿತು. ಯಾರೋ ಬಾಟಲಿ ಎಸೆದರು. ಬಗ್ಗಿ ತಪ್ಪಿಸಿಕೊಂಡು ಮೂರನೆಯ ಚರಣ ಮುಟ್ಟಿದ. ಹೆಸರು ಹೇಳಿದ, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿಯೇಬಿಟ್ಟ. ಬಯಲಿಗೆ ಬಯಲೇ ಐಸಿಲ್ಡಾಳತ್ತ ತಿರುಗಿತು.

ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಊರಿಗೆಲ್ಲ ಜೇನು, ನನಗೆ ಮಾತ್ರ ಈ ಅಪಸ್ವರನಾ?"

ಲಿನ್‌ಫರ್ಡನ ಮುಖ ಬಾಡಿಹೋಯಿತು.

"ಯಾರಾದ್ರೂ ಆ ಕ್ಲಿಫ್ಟನ್‌ಗೆ ಹೇಳ್ರಪ್ಪ, ಕಾಯೋದು ಬೇಡ ಅಂತ," ಎಂದವಳೇ ನೇರ ಬೇಲಿಗೆ ಹೋಗಿ ಎರಡೂ ಕೈಯಿಂದ ತಗಡು ಬಡಿಯತೊಡಗಿದಳು. ಟ್ಯಾಟಿ ಮುಳ್ಳೆತ್ತಿದ.