ನೀರು ಕೆಂಪಾಗಲಿಲ್ಲ

ನಮ್ಮ ಭಾವನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇಲ್ಲ. ಅದರಲ್ಲೂ ನೀರಿನ ವಿಷಯ ಬಂತೆಂದರೆ ಮುಗಿಯಿತು, ಎದುರಿಗಿದ್ದವರು ಬಾಯಿ ತೆರೆಯುವಂತಿಲ್ಲ. ರಾಮನಾಥಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವ ಮನುಷ್ಯ, ಹಿತ್ತಿಲು ದಾಟಿದರೆ ಕಾವೇರಿ. ತುಂಬಿದ ಹೊಳೆಯಲ್ಲಿ ತೇಲಿಹೋಗುತ್ತಿದ್ದ ಹಸುವನ್ನು ಎಳೆದು ತಂದ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ಹೊಳೆ ಇನ್ನಷ್ಟು ಅಗಲವಾಗಿರುತ್ತಿತ್ತು.

ಹಾಸನದಲ್ಲಿ ನನ್ನ ಜೊತೆ ಬೆಳಿಗ್ಗೆ ಸ್ಟೇಡಿಯಂ ಸುತ್ತುವ ಹೆಂಗಸರು ಗೋಕರ್ಣಕ್ಕೆ ಹೋಗಿ, ಕಡಲ ದಂಡೆಯ ಗುಡ್ಡ ಹತ್ತಿಳಿದು, ಒಂದು ಬೀಚಿನಿಂದ ಇನ್ನೊಂದು ಬೀಚಿಗೆ ನಡೆದ ಫೋಟೋ ತೋರಿಸಿ ನನ್ನ ಹೊಟ್ಟೆ ಉರಿಸಿದ್ದರು. ನಾನೂ ಅಕ್ಕನನ್ನು ಹೊರಡಿಸಿದೆ. ಇಬ್ಬರೇ ಹೋಗಿ ಬರೋಣ ಅಂತ. ಭಾವ ಬಿಡುತ್ತಾರೆಯೇ? ‘ಎಂಗಸ್ರನ್ನ ನೀರಿನ್ ತಾವ ಬಿಟ್ಬುಟ್ಟು ನಾನ್ ಮನೇಲ್ ಕೂತ್ಕಳ್ಳಾ?’ ಎಂದು ಅವರೂ ಬ್ಯಾಗು ಹೆಗಲಿಗೇರಿಸಿದರು.

ಕುಡ್ಲೆ ಬೀಚಿನಿಂದ ಓಂ ಬೀಚಿನವರೆಗೆ ಚೆನ್ನಾಗಿಯೇ ನಡೆದೆವು. ಸೀರೆಯ ಕೆಳಗೆ ಮಗನ ಹಳೇ ಸ್ಪೋರ್ಟ್ಸ್ ಶೂ ಹಾಕಿಕೊಂಡ ಅಕ್ಕನನ್ನು ನೋಡಿ ನಾನು ದಾರಿಯುದ್ದಕ್ಕೂ ನಕ್ಕಿದ್ದೆ. ಓಂ ಬೀಚ್ ದಾಟಿದ ಮೇಲೆ ದಾರಿ ಮತ್ತೆ ಗುಡ್ಡ ಹತ್ತುತ್ತದೆ. ಅಲ್ಲಿ ಅಕ್ಕನ ಬಲಮಂಡಿ ಹಿಡಿದುಕೊಂಡಿತು. ಒಂದು ಕಲ್ಲಿನ ಮೇಲೆ ಕೂತು, ‘ನನ್ ಕೈಲಿ ಅತ್ತಕ್ಕಾಗಲ್ಲ ಕಣೆ’ ಅಂದಳು.

ಭಾವ ಕೆಳಗೆ ನೋಡಿದರು. ಗುಡ್ಡದ ಬುಡದಲ್ಲಿ ಬಂಡೆಗಳ ಪಕ್ಕ ಒದ್ದೆ ಮರಳಿನ ಪಟ್ಟಿಯೊಂದು ಗುಡ್ಡವನ್ನು ಬಳಸಿಕೊಂಡು ಆಚೆಗೆ ಹೋಗುತ್ತಿತ್ತು. ‘ಇಷ್ಟ್ ಚೆಂದಾಗಿ ಮಟ್ಟಸದ ದಾರಿ ಇರೋವಾಗ ಗುಡ್ಡ ಯಾಕ್ ಅತ್ತೀರಿ?’

ಕೆಳಗಿಳಿದವರೇ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಬೆಳಕಿಗೆ ಹಿಡಿದು ನೋಡಿದರು. ನಮ್ಮ ಕಡೆ ಹೊಳೆಯ ನಡುವಿನ ಬಂಡೆಗೆ ಬಟ್ಟೆ ಒಗೆಯಲು ಹೋಗುವವರೆಲ್ಲ ಮಾಡುವುದು ಇದನ್ನೇ. ಮೇಲೆ ಮಳೆಯಾದರೆ, ಇಲ್ಲವೇ ಅಣೆಕಟ್ಟೆಯಿಂದ ನೀರು ಬಿಟ್ಟರೆ, ಮೊದಲು ಹೊಳೆ ಕೆಂಪಾಗುತ್ತದೆ, ಕಸಕಡ್ಡಿ ತೇಲಿಬರುತ್ತದೆ, ಆಮೇಲೆ ನೀರು ಏರುತ್ತದೆ. ನೀರು ಕೆಂಪಾಯಿತೋ, ಬಟ್ಟೆ ಬಾಚಿಕೊಂಡು ದಡಕ್ಕೆ ಓಡಬೇಕು. ಹೊಳೆನರಸೀಪುರದಲ್ಲಿ ಹೇಮಾವತಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ನಮಗೂ ಅವ್ವ ಕಲಿಸಿದ್ದು ಅದೇ.

‘ನೋಡು, ಎಳನೀರ್ ಇದ್ದಂಗದೆ. ಮಳೆ ಇಲ್ಲ, ಆರಂಗಿ ಡ್ಯಾಮೂ ಇಲ್ಲಿಲ್ಲ. ನೀರು ಅದೆಲ್ಲಿಂದ ಬತ್ತದೆ?’ ಅಂದರು ಭಾವ.

ನಾನೂ ತಲೆಯಾಡಿಸಿದೆ. ಉಬ್ಬರ, ಇಳಿತ ಎಂದು ಸ್ಕೂಲಿನಲ್ಲಿ ಬಾಯಿಪಾಠ ಮಾಡಿ ನಂಬರು ತೆಗೆದವಳೇ ನಾನು. ಅದು ಪುಸ್ತಕದಲ್ಲಿತ್ತು. ಕಾಲಕೆಳಗಿನ ಮರಳಿಗೂ ಅದಕ್ಕೂ ಸಂಬಂಧವಿದೆ ಅಂತ ಯಾರಿಗೆ ಹೊಳೆಯುತ್ತದೆ?

ಗುಡ್ಡದ ಮೂಲೆ ತಿರುಗಿದರೆ ಒಂದು ಪುಟ್ಟ ಮರಳಿನ ಜಾಗ. ಮೂರು ಕಡೆಯೂ ಕಡಿದಾದ ಬಂಡೆ, ಒಂದು ಕಡೆ ಸಮುದ್ರ. ಒಂದು ನರಪಿಳ್ಳೆಯೂ ಇರಲಿಲ್ಲ. ಆಚೆ ದಾರಿ ಇರಲಿಲ್ಲ, ಆದರೂ ನೆರಳಿತ್ತು. ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ಬಿಚ್ಚಿದೆವು. ಅಕ್ಕ ಕಾಲು ನೀಡಿ ಮಂಡಿ ನೀವಿಕೊಂಡಳು. ಭಾವ ಹಸುವಿನ ಕತೆ ಶುರು ಮಾಡಿದರು.

ಕತೆ ಮುಗಿಯುವ ಮೊದಲೇ ಅಕ್ಕ ಅಂದಳು: ‘ಲೇ, ನಾವು ಬಂದ ದಾರಿ ಎಲ್ಲೇ?’

ತಿರುಗಿ ನೋಡಿದೆ. ಮರಳಿನ ಪಟ್ಟಿ ಇರಲಿಲ್ಲ. ನಾವು ಕೈಯಾಡಿಸಿಕೊಂಡು ಬಂದಿದ್ದ ಬಂಡೆಗಳಿಗೆ ಅಲೆ ಬಡಿಯುತ್ತಿತ್ತು.

‘ಅಲೆ ಕಣಮ್ಮಿ, ವಾಪಸ್ ಓಯ್ತದೆ’ ಅಂದರು ಭಾವ.

ಹೋಗಲಿಲ್ಲ. ಬಂದದ್ದು ಬಂದ ಹಾಗೇ ನಿಂತಿತು, ಅದರ ಹಿಂದೆ ಇನ್ನೊಂದು ಬಂತು. ಭಾವ ಮತ್ತೆ ಬೊಗಸೆಯಲ್ಲಿ ನೀರು ಎತ್ತಿ ನೋಡಿದರು. ತಿಳಿಯಾಗಿಯೇ ಇತ್ತು. ಒಂದು ಕಡ್ಡಿಯನ್ನು ನೀರಿನಂಚಿಗೆ ನೆಟ್ಟರು. ನೋಡುನೋಡುತ್ತಿದ್ದಂತೆ ಕಡ್ಡಿ ಕಿತ್ತುಹೋಯಿತು. ಫೋನ್ ತೆಗೆದೆ, ಸಿಗ್ನಲ್ ಇಲ್ಲ. ಹಿಂದಿನ ಬಂಡೆ ಹತ್ತಲು ಹೋದೆ, ಎರಡಾಳು ಎತ್ತರ ಹೋಗುವಷ್ಟರಲ್ಲಿ ಕೈಗೆ ಸಿಕ್ಕಿದ್ದು ಪುಡಿಪುಡಿಯಾಗಿ ಉದುರಿತು. ಜಾರಿ ಬಿದ್ದೆ. ನನಗೇ ಆಗದ್ದು ಅಕ್ಕನ ಮಂಡಿಗೆ ಆಗುತ್ತದೆಯೇ? ‘ಓಯ್’ ಎಂದು ಗಂಟಲು ಹರಿಯುವಂತೆ ಕೂಗಿದೆ. ಅಲೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ನೀರಿಗಿಳಿದು ಮೂಲೆಯವರೆಗೆ ಹೋಗಿ ನೋಡಿ ಬಂದೆ. ತೊಡೆಮಟ್ಟ ಇತ್ತು, ಅಲೆ ಬಂದಾಗ ಸೊಂಟ ಮುಟ್ಟುತ್ತಿತ್ತು. ಈಗ ಹೊರಟರೆ ಬಂಡೆ ಹಿಡಿದುಕೊಂಡು ದಾಟಬಹುದು. ಕಾದರೆ ಎದೆಮಟ್ಟ. ಇನ್ನೂ ಕಾದರೆ ನಾವು ನಿಂತ ಮರಳೂ ಇರುವುದಿಲ್ಲ.

‘ಏಳಿ, ಹೋಗೋಣ. ಅಕ್ಕನ್ನ ನಾನು ಹಿಡ್ಕೊತೀನಿ’ ಅಂದೆ.

‘ಕಾಯಾನ ಇರು. ಏರಿದ್ ನೀರು ಇಳೀಲೇಬೇಕು.’

‘ಇಳಿಯೋದು ಯಾವಾಗ, ನಮ್ಮ ಹೆಣ ತೇಲಿದ ಮೇಲಾ?’

‘ಸುಮ್ಕಿರಮ್ಮಿ. ನೀರಿನ್ ಇಚಾರ ನಂಗ್ ಗೊತ್ತು.’

ನನಗೆ ಮೈಯೆಲ್ಲ ಉರಿದುಹೋಯಿತು. ‘ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡಿಸ್ತಂತೆ! ಇದು ನಿಮ್ಮ ಹೊಳೆ ಅಲ್ಲ ಭಾವ! ಅಕ್ಕಂಗೇನಾದ್ರೂ ಆದ್ರೆ ನಾನು ನಿಮ್ಮನ್ನ ಬಿಡಲ್ಲ, ತಿಳ್ಕೊಳ್ಳಿ!’ ಎಂದು ಅರಚಿದೆ. ಅಕ್ಕನ ಮದುವೆಯಾದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ ನಾನು.

ಭಾವ ತಿರುಗಿ ಬೈಯಲಿಲ್ಲ. ಬಂಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದರು. ತುಟಿ ಬಿಳಿಚಿತ್ತು.

ಅಕ್ಕ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. ಕಿವಿಯ ಹತ್ತಿರ ಬಂದು, ‘ಅವರ ಮ್ಯಾಲೆ ಕೂಗಾಡ್ಬ್ಯಾಡ ಕಣೆ. ಅವರಿಗೆ ಈಜು ಬರಾಕಿಲ್ಲ. ಮಂಡಿಗಿಂತ ಮ್ಯಾಲೆ ನೀರಿಗಿಳಿದೋರಲ್ಲ. ಮದ್ವೆ ಆದ್ ವರ್ಷದಿಂದ ನಂಗ್ ಗೊತ್ತು’ ಅಂದಳು.

‘ಮತ್ತೆ ಹಸು?’

‘ಹಸು ಅದರ ಪಾಡಿಗೆ ಅದು ದಡಕ್ಕೆ ಬಂತು. ಸುಮ್ಕಿರು ಈಗ.’

ಇಷ್ಟು ವರ್ಷ ಆ ಕತೆಗೆ ಅವಳು ಹೂಂಗುಟ್ಟಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

ಅಕ್ಕ ಸೀರೆ ಎತ್ತಿ ಸೊಂಟಕ್ಕೆ ಬಿಗಿದಳು. ಗಂಡನ ಮುಂದೆ ಹೋಗಿ ನಿಂತು ಕೈ ಚಾಚಿದಳು. ‘ರೀ, ನನ್ ಮಂಡಿ ನಂಬಂಗಿಲ್ಲ. ನೀವು ಕೈ ಹಿಡ್ಕಂಡ್ರೆ ನಾನ್ ದಾಟ್ತೀನಿ. ಇಲ್ದಿದ್ರೆ ನನ್ ಕೈಲಾಗಾಕಿಲ್ಲ.’

ಭಾವ ಅವಳ ಮುಖ ನೋಡಿದರು, ನೀರು ನೋಡಿದರು. ಕೈ ಹಿಡಿದರು.

ಫೋನನ್ನು ಚಪಾತಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡೆ. ನಾನು ಮುಂದೆ, ಅಕ್ಕ ನಡುವೆ, ಭಾವ ಹಿಂದೆ. ನನ್ನ ಒಂದು ಕೈಯಲ್ಲಿ ಬಂಡೆ, ಇನ್ನೊಂದರಲ್ಲಿ ಅಕ್ಕ. ಬಂಡೆಗೆ ಅಂಟಿದ್ದ ಚಿಪ್ಪುಗಳು ಅಂಗೈ ಸೀಳುತ್ತಿದ್ದವು. ಮೂಲೆಯಲ್ಲಿ ನೀರು ಆಗಲೇ ಸೊಂಟ ದಾಟಿತ್ತು. ‘ಅಲೆ ಬಂತು, ನಿಲ್ಲಿ!’ ಎಂದು ಕೂಗಿದೆ. ಹಿಂದೆ ಭಾವನ ಕಾಲು ತಪ್ಪಿತು. ‘ಅಯ್ಯಯ್ಯೋ ಅವ್ವಾ’ ಎಂದು ಅವರು ಮಗುವಿನಂತೆ ಕಿರುಚಿದ್ದು ಕೇಳಿತು. ಅಕ್ಕನ ಗಾಜಿನ ಬಳೆಗಳು ಚಟಚಟನೆ ಒಡೆದವು. ಅವಳ ಭಾರವೆಲ್ಲ ನನ್ನ ತೋಳಿಗೆ ಬಂತು, ಭಾವನದು ಅವಳ ತೋಳಿಗೆ. ಅವಳು ಆ ಕೆಟ್ಟ ಮಂಡಿಯನ್ನೇ ಮರಳಿಗೆ ಊರಿ ನಿಂತಳು. ಬಿಡು ಅಂತ ಸಮುದ್ರ ಎಳೆಯಿತು, ಅವಳು ಬಿಡಲಿಲ್ಲ. ದೇವರೇ, ದೇವರೇ ಎಂದಷ್ಟೇ ನಾನು ಹೇಳುತ್ತಿದ್ದೆ.

ಓಂ ಬೀಚಿನ ಒಣಮರಳಿನ ಮೇಲೆ ಮೂವರೂ ಕುಸಿದೆವು. ಭಾವನ ಹಲ್ಲು ಕಟಕಟ ಎನ್ನುತ್ತಿತ್ತು. ಅಕ್ಕನ ಮುಂಗೈಯಲ್ಲಿ ಬಳೆಚೂರು ನೆಟ್ಟು ರಕ್ತ ಹರಿಯುತ್ತಿತ್ತು.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ತಲೆಯ ಮೇಲಿನ ಕವರ್ ಬಿಚ್ಚಿ ನೋಡಿದರೆ ಅಕ್ಕನ ಮಗ. ಸ್ಪೀಕರಿಗೆ ಹಾಕಿದೆ. ‘ಎಷ್ಟೊತ್ತಿಂದ ಮಾಡ್ತಿದೀನಿ, ಸಿಗ್ತಾನೇ ಇಲ್ಲ. ಅವ್ವ ಉಷಾರಾಗವ್ಳಾ? ನೀರಿಗ್ ಗೀರಿಗ್ ಇಳಿದ್ರಾ?’

ಭಾವ ಫೋನಿನ ಕಡೆ ಕೈ ಚಾಚಿ, ಹಿಂದಕ್ಕೆಳೆದುಕೊಂಡರು. ಅಕ್ಕ ಫೋನ್ ತೆಗೆದುಕೊಂಡಳು. ‘ಏನೂ ಆಗಿಲ್ಲ ಮಗಾ. ಕಾಲ್ ಒಸಿ ಜಾರ್ತು. ನಿಮ್ಮಪ್ಪ ಕೈ ಹಿಡ್ಕಂಡಿದ್ರಲ್ಲ, ನಂಗೇನ್ ಭಯ?’

ಭಾವ ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಒದ್ದೆ ಅಂಗಿಯೊಳಗೆ ಭುಜಗಳು ಅಲುಗುತ್ತಿದ್ದವು. ಬಿಕ್ಕುವುದು ಮಗನಿಗೆ ಕೇಳಿಸಬಾರದೆಂದು ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು, ರಕ್ತದ ಕೈಯಲ್ಲೇ ಅವರ ಬೆನ್ನು ಸವರುತ್ತಾ ಕೇಳಿದಳು: ‘ನಿಂದು ಊಟ ಆಯ್ತೇನಪ್ಪ?’