ಮೆಲ್ಲಗೆ ಒತ್ತು ಎಂದವಳು ನಾನು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಎರಡು ಸಾವಿರದ ಇಸವಿಗೆ ಮುಂಚೆಯೋ ಆಮೇಲೆಯೋ ಎಂಬುದೇ ನನಗೆ ಖಚಿತವಿಲ್ಲ. ಆ ಕಾಲದ ದಿನಚರಿಗಳು ಹತ್ತಿರ ಇವೆ, ತೆಗೆದು ನೋಡಿದೆ. ಬಸ್ಸು ತಡವಾದದ್ದು, ಹಲ್ಲುನೋವು, ಕಾಲೇಜಿನ ಜಗಳ ಎಲ್ಲ ಬರೆದಿಟ್ಟಿದ್ದೇನೆ. ಚಿಕ್ಕಮ್ಮನಿಗೆ ನಾನು ಹೇಳಿದ ಆ ಒಂದು ಮಾತು ಎಲ್ಲೂ ಇಲ್ಲ. ಬರೆದಿಡುವಂಥದ್ದು ಅನ್ನಿಸಿರಲಿಲ್ಲವೋ ಏನೋ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಚಿಕ್ಕಪ್ಪ ತೀರಿಕೊಂಡ ಮೇಲೆ ಗಂಡಸಿ ಎಂಬ ಊರಿನ ತವರಿಗೆ ಹಿಂತಿರುಗದೆ, ಅರಸೀಕೆರೆಯಲ್ಲಿ ಸ್ಟೇಷನ್ ಹತ್ತಿರ ಮಹಡಿಯ ಮೇಲೆ ಎರಡು ಕೋಣೆ ಹಿಡಿದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದಳು. ಒಂದು ಉದ್ದ ಮೇಜು, ಅದರ ಮೇಲೆ ಆರು ಟೈಪ್‌ರೈಟರು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪರೀಕ್ಷೆ ಪಾಸಾಗಿದ್ದಳು. ಕೀಲಿಗಳ ಕಡೆ ಕಣ್ಣು ಹಾಯಿಸದೆ, ನಮ್ಮ ಜೊತೆ ಹರಟುತ್ತಲೇ ಪುಟ ಮುಗಿಸುತ್ತಿದ್ದಳು. "ನಿಮ್ ಮಿಷನ್ ಸದ್ದು ನಿಂತ್ರೆ ದೋಸೆ ಹುಯ್ಯಕ್ಕೆ ನಂಗೂ ಕೈ ಓಡಲ್ಲ ಕಣ್ರೀ" ಎಂದು ಕೆಳಗಿನ ಹೋಟೆಲಿನವರು ತಮಾಷೆ ಮಾಡುತ್ತಿದ್ದರು.

ಆಮೇಲೆ ಎಲ್ಲರೂ ಕಂಪ್ಯೂಟರ್ ಕಲಿಸುತ್ತೀರಾ ಎಂದು ಕೇಳಲು ಶುರುಮಾಡಿದರು. ಚಿಕ್ಕಮ್ಮ ಒಂದು ಕಂಪ್ಯೂಟರ್ ತರಿಸಿದಳು. ಹಾಸನದಿಂದ ಬಂದ ಒಬ್ಬಾತ ಒಂದೇ ಮಧ್ಯಾಹ್ನದಲ್ಲಿ ಅದನ್ನು ಜೋಡಿಸಿ, ಡಬ್ಬಗಳನ್ನು ಅಟ್ಟದ ಮೇಲಿಟ್ಟು ಹೋದ. ಅದೇ ಹೊತ್ತಿಗೆ ಹಳೇಬೀಡಿನ ನಿವೃತ್ತ ಮೇಷ್ಟ್ರೊಬ್ಬರು ಬಸ್ತಿಹಳ್ಳಿಯ ಬಸದಿಗಳ ಬಗ್ಗೆ ತಾವು ಬರೆದ ಹಸ್ತಪ್ರತಿ ತಂದುಕೊಟ್ಟರು. ಚಿಕ್ಕಮ್ಮನಿಗೆ ಮೊದಲ ದೊಡ್ಡ ಕೆಲಸ. ಇದು ಚೆನ್ನಾಗಿ ಆದರೆ ಬೇರೆಯವರೂ ಬರುತ್ತಾರೆ, ಆಗದಿದ್ದರೆ ಕೋಣೆ ಬಿಟ್ಟು ಗಂಡಸಿಗೆ, ಅಣ್ಣನ ಮನೆಗೆ. ಇದನ್ನು ಅವಳು ಅಮ್ಮನ ಹತ್ತಿರ ಹೇಳಿದ್ದಳು.

ಆದರೆ ಕಂಪ್ಯೂಟರ್ ತೆವಳುತ್ತಿತ್ತು. ಫೈಲು ತೆರೆಯುವಷ್ಟರಲ್ಲಿ ಕಾಫಿ ಮಾಡಿಕೊಂಡು ಕುಡಿದು ಮುಗಿಸಬಹುದಿತ್ತು. ಚಿಕ್ಕಮ್ಮ ಇಡೀ ಸಾಲು ಹೊಡೆದು ಕೂತರೂ ಪರದೆ ಬರಿದು; ಆಮೇಲೆ ಅಕ್ಷರಗಳೆಲ್ಲ ಒಟ್ಟಿಗೆ ಬಂದು ಬೀಳುತ್ತಿದ್ದವು, ನಡುನಡುವೆ ಕೆಲವು ಮಾಯ. ಪೆಟ್ಟಿಗೆಯ ಮುಂದಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಜೋಡಿಸಿದವನು ಮತ್ತೆ ಬಂದು "ಹಾರ್ಡ್ ಡಿಸ್ಕ್ ವೀಕು ಮೇಡಂ" ಎಂದು ಬೇರೆ ಡಿಸ್ಕ್ ಹಾಕಿದ. ಅದೂ ಹಾಗೆಯೇ.

ಆಗ ನನ್ನನ್ನು ಕರೆಸಿದರು. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಮಾಡಿ ಬೇಲೂರಿನ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಮನೆಯವರ ಲೆಕ್ಕದಲ್ಲಿ ನನಗೆ ಎಲ್ಲ ಯಂತ್ರವೂ ಗೊತ್ತು. ಆ ಭಾನುವಾರ ಡಿಸ್ಕಿನಲ್ಲಿ ಚದುರಿದ್ದನ್ನು ಒಟ್ಟು ಮಾಡುವ ಪ್ರೋಗ್ರಾಮ್ ಹಾಕಿ, ಪರದೆಯ ಮೇಲೆ ಬಣ್ಣದ ಚೌಕಗಳು ಒಂದೊಂದೇ ಸರಿಯುವುದನ್ನು ಸಂಜೆಯವರೆಗೆ ನೋಡಿದೆ. ಏನೂ ಆಗಲಿಲ್ಲ. ಹೊಸ ಡಿಸ್ಕೂ ಕೆಟ್ಟಿದೆಯೆಂದರೆ ತಪ್ಪು ಡಿಸ್ಕಿನದಲ್ಲ, ಅದನ್ನು ಕೆಡಿಸುವುದು ಬೇರೇನೋ ಇದೆ ಎಂದುಕೊಂಡೆ. ಅಷ್ಟರವರೆಗೆ ಸರಿಯಾಗಿಯೇ ಯೋಚಿಸಿದ್ದೆ. ಆಮೇಲೆ ಚಿಕ್ಕಮ್ಮ ಟೈಪ್ ಮಾಡುವಾಗ ಮೇಜು ನಡುಗುವುದನ್ನು ಕಂಡೆ.

"ಚಿಕ್ಕಮ್ಮ, ನೀನು ಟೈಪ್‌ರೈಟರ್ ಬಡಿದ ಹಾಗೆ ಬಡೀತೀಯ. ಒಳಗೆ ಡಿಸ್ಕ್ ತಿರುಗ್ತಾ ಇರುತ್ತೆ. ಮೇಜು ಅಲ್ಲಾಡಿದ್ರೆ ಅದಕ್ಕೆ ಓದೋಕಾಗಲ್ಲ. ಮೆಲ್ಲಗೆ ಒತ್ತು."

"ಎಷ್ಟು ಮೆಲ್ಲಗೇ? ಮಗೂನ ತಟ್ಟಿ ಮಲಗಿಸ್ತಾರಲ್ಲ, ಹಂಗಾ?"

"ಹಂಗೇ ಅನ್ಕೋ."

"ಇದು ಆಗ್ಲೇ ಮಲಗೈತಲ್ಲೇ" ಎಂದು ನಕ್ಕಳು. ನಗುತ್ತಲೇ ಮೆಲ್ಲಗೆ ಒತ್ತಿದಳು.

ನನ್ನ ದುರದೃಷ್ಟಕ್ಕೆ ಅಕ್ಷರಗಳು ಸರಿಯಾಗಿ ಬಂದವು. ಅವಳು ನಿಧಾನವಾದ್ದರಿಂದ ಕಂಪ್ಯೂಟರಿಗೆ ಅವಳ ಜೊತೆ ಹೆಜ್ಜೆ ಹಾಕಲು ಆಗಿತ್ತು, ಅಷ್ಟೇ. ನಾನು ಮಾತ್ರ ಗೆದ್ದವಳಂತೆ ಕೊನೆಯ ಬಸ್ಸಿಗೆ ಮುಂಚೆ ಊಟ ಮಾಡಿ ಹೊರಟೆ.

ಅಂದಿನಿಂದ ಚಿಕ್ಕಮ್ಮ ಬೆರಳುಗಳನ್ನು ಬಿಗಿಹಿಡಿದಳು. ಅದೇ ಮೇಜಿನ ಮೇಲೆ ಕಲಿಯಲು ಬರುತ್ತಿದ್ದ ಹುಡುಗಿಯರು ಟೈಪ್‌ರೈಟರ್ ಬಡಿದರೆ ಡಿಸ್ಕಿಗೆ ತೊಂದರೆಯೆಂದು ತಾನು ಕಂಪ್ಯೂಟರಿನ ಮುಂದೆ ಇರುವಾಗ ಅವರಿಗೆ ಬರಬೇಡಿ ಎಂದಳು. ಬರಬೇಡಿ ಎಂದ ಹೊತ್ತು ಬೆಳೆಯುತ್ತಾ ಹೋಯಿತು. ಅವರು ಬೇರೆ ಕಡೆ ಸೇರಿಕೊಂಡರು. ಮೇಷ್ಟ್ರು ಮೂರು ಸಲ ಹಳೇಬೀಡಿನಿಂದ ಬಂದು ಬರಿಗೈಯಲ್ಲಿ ಹೋದರು. ನಾಲ್ಕನೆಯ ಸಲ ನಾನೂ ಅಲ್ಲಿದ್ದೆ.

"ನಿಮ್ಮ ಸ್ಪೀಡ್ ಬಗ್ಗೆ ಎಲ್ಲರೂ ಹೇಳ್ತಿದ್ರಮ್ಮ" ಎಂದರು, ತೀರ ಮೃದುವಾಗಿ. "ನಂಗೂ ವಯಸ್ಸಾಯ್ತು ನೋಡಿ, ಪುಸ್ತಕ ಕಣ್ಣಲ್ಲಿ ನೋಡ್ಬೇಕು. ಹಾಸನದಲ್ಲಿ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

"ಇಲ್ಲ ಬಿಡಿ ಸಾರ್. ಯಾಕೋ ಕೈ ಮೊದಲಿನ ಹಂಗಿಲ್ಲ" ಎಂದು ಚಿಕ್ಕಮ್ಮ ಹಾಳೆಗಳನ್ನು ಜೋಡಿಸಿ ಕೊಟ್ಟಳು. ಕೈ ಎಂದಳು, ಕಂಪ್ಯೂಟರ್ ಎನ್ನಲಿಲ್ಲ.

ಕೆಲವು ತಿಂಗಳ ಮೇಲೆ ನಮ್ಮ ಕಾಲೇಜಿನ ಲ್ಯಾಬಿಗೆ ಬಂದ ಹೊಸ ಕಂಪ್ಯೂಟರೂ ಹೀಗೆಯೇ ತೆವಳಿತು. ಮೇಜು ಅಲ್ಲಾಡುವ ಮಾತು ತೆಗೆದರೆ ಲ್ಯಾಬ್ ನೋಡಿಕೊಳ್ಳುತ್ತಿದ್ದವರು ನಕ್ಕುಬಿಟ್ಟರು. "ಅಲ್ಲಾಡಿದ್ರೆ ಏನೂ ಆಗಲ್ಲ ಮೇಡಂ, ಡಿಸ್ಕ್ ಚೆನ್ನಾಗೈತೆ. ಬೋರ್ಡಿಗೂ ಅದಕ್ಕೂ ನಡುವೆ ಕೆಲಸ ಮಾಡ್ಸೋ ಡ್ರೈವರ್ ಅನ್ನೋ ಪ್ರೋಗ್ರಾಮೇ ಹಾಕಿಲ್ಲ. ಇಲ್ನೋಡಿ." ಪರದೆಯ ಮೇಲಿನ ಪಟ್ಟಿಯಲ್ಲಿ ಒಂದು ಹೆಸರಿನ ಪಕ್ಕ ಪುಟ್ಟ ಹಳದಿ ಎಚ್ಚರಿಕೆ ಗುರುತಿತ್ತು. ಮದರ್‌ಬೋರ್ಡಿನ ಜೊತೆ ಬಂದ ಸಿಡಿ ಹಾಕಿದರು. ಹತ್ತು ನಿಮಿಷದಲ್ಲಿ ಸರಿಹೋಯಿತು.

ಆ ಹಳದಿ ಗುರುತನ್ನು ನಾನು ಮೊದಲೇ, ಅರಸೀಕೆರೆಯಲ್ಲೇ, ನೋಡಿದ್ದೆನೇ? ನೋಡಿದ್ದೆ ಎಂದು ಒಮ್ಮೊಮ್ಮೆ ಖಂಡಿತವಾಗಿ ಅನ್ನಿಸುತ್ತದೆ: ಚೌಕಗಳು ಸರಿಯುತ್ತಿದ್ದ ಆ ಭಾನುವಾರ, ನೋಡಿ, ನನಗೆ ಅರ್ಥವಾಗದ್ದೆಂದು ಮುಚ್ಚಿಬಿಟ್ಟೆ. ಇಲ್ಲವೇ, ಆಮೇಲೆ ಕಾಲೇಜಿನಲ್ಲಿ ಕಂಡದ್ದನ್ನು ಅಪರಾಧಿ ಮನಸ್ಸು ಹಿಂದಕ್ಕೆ ಒಯ್ದು ಅಲ್ಲಿ ಇಟ್ಟಿರಬಹುದು. ಎರಡರಲ್ಲಿ ಯಾವುದು ನಿಜವೋ ತಿಳಿಯುವ ದಾರಿ ನನಗಿಲ್ಲ.

ಮುಂದಿನ ಭಾನುವಾರ ಅರಸೀಕೆರೆಗೆ ಹೋದೆ. ಅಟ್ಟದ ಡಬ್ಬದಲ್ಲಿ ಸಿಡಿ ಕವರ್ ಕೂಡ ಹರಿಯದೆ ಹಾಗೆಯೇ ಇತ್ತು. ಹಾಕಿದೆ. ಫೈಲು ಮುಟ್ಟಿದ ಕೂಡಲೇ ತೆರೆಯಿತು.

"ಏನಾಗಿತ್ತೇ ಇದಕ್ಕೆ?"

"ಒಂದು ಸಿಡಿ ಹಾಕ್ಬೇಕಿತ್ತು ಚಿಕ್ಕಮ್ಮ. ಜೋಡಿಸಿದೋನು ಹಾಕಿರಲಿಲ್ಲ."

"ಹಂಗಾದ್ರೆ ನನ್ನ ಕೈಯಿಂದ ಅಲ್ಲ?"

"ಅಲ್ಲ."

ಅವಳು ಕೂತು ಒಂದು ಸಾಲು ಹೊಡೆದಳು. ಬೆರಳುಗಳು ಹೆದರಿ ಹೆದರಿ ಇಳಿದವು. "ಜೋರಾಗಿ ಹೊಡಿ, ಏನೂ ಆಗಲ್ಲ" ಎಂದೆ. ಹೊಡೆದಳು, ತಪ್ಪುಗಳು ಬಂದವು. ಕೀಲಿಗಳನ್ನು ಬಗ್ಗಿ ನೋಡಿದಳು. ಅವಳು ಟೈಪ್ ಮಾಡುವಾಗ ಕೆಳಗೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಚೆನ್ನಾಗಾಯ್ತು ಬಿಡು" ಎಂದು ಎದ್ದಳು. ಆ ತಿಂಗಳ ಕೊನೆಗೆ ಕೋಣೆ ಬಿಟ್ಟು ಗಂಡಸಿಗೆ ಹೋದಳು.

ಅಲ್ಲಿ ಅವಳಿಗೆ ಏನೂ ಕಡಿಮೆಯಿಲ್ಲ. ಆದರೆ ಅಣ್ಣನ ಮನೆಯಲ್ಲಿ ಯಾರೋ ಹೇಳಿದ ಕೆಲಸ ಮಾಡಿಕೊಂಡು ಇರುವವಳು ನಮ್ಮ ಚಿಕ್ಕಮ್ಮನಲ್ಲ. ಎರಡು ಚಳಿಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಜಗಲಿಯಲ್ಲಿ ಅವಳ ಜೊತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಕೊನೆಗೂ ಕೇಳಿದೆ. ಅವಳು ಕಾಯಿ ಬಿಡಿಸುತ್ತಲೇ ಇದ್ದಳು, ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಮತ್ತೆ ಕೇಳಿಲ್ಲ. ಕೇಳಿದ್ದು ಇಷ್ಟೇ:

"ಅಷ್ಟು ವರ್ಷ ಟೈಪ್ ಮಾಡ್ದೋಳು ನೀನು. ನಿನ್ನ ಕೈ ಬಿಟ್ಟು ನನ್ನ ಮಾತು ಯಾಕೆ ನಂಬಿದೆ ಚಿಕ್ಕಮ್ಮ?"